ಕತ್ತರಿಸಿದ ಮೂರನೇ ಪಿನ್ನು

“ಎಂಟನೇ ಕ್ಲಾಸಿಗಿ ಸಾಲಿ ಬಿಟ್ಟಾವನ ಕೈಯಾಗ ನನ್ನ ಗಿಟಾರಿನ ಸಾಮಾನ ಕೊಟ್ಟೆ ನೋಡು... ನನ್ನ ಬುದ್ಧಿಗಿ ಏನಂತ ಹೇಳಬೇಕು.”

ದಾನೇಶ್ವರಿ ಇದನ್ನು ಪಿಸುಗುಟ್ಟಲಿಲ್ಲ. ಎದುರಿಗಿದ್ದ ಮೈಕು ಆನ್ ಇತ್ತು. ಖಾನಾಪುರದ ಆ ಮಂಗಲ ಕಾರ್ಯಾಲಯದಲ್ಲಿ ಕುರ್ಚಿ ಹಾಕುತ್ತಿದ್ದವರು, ಹೂವಿನ ಸರ ಬಿಗಿಯುತ್ತಿದ್ದವರು, ಎಲ್ಲರೂ ವೇದಿಕೆಯ ಮೇಲಿದ್ದ ರಾಮಲಿಂಗನ ಕಡೆ ತಿರುಗಿದರು. ಯಾರೋ ನಕ್ಕರು ಕೂಡ.

ಸಂಜೆಗೆ ಅವಳ ಮೊದಲ ಹಾಡಿನ ಕಾರ್ಯಕ್ರಮ. ಗಿಟಾರಿನ ಸದ್ದು ಹಿಗ್ಗಿಸಲು ರಾಮಲಿಂಗ ಕಟ್ಟಿಕೊಟ್ಟ ಆಂಪ್ ಮಾತ್ರ ಗುಂಯ್ ಎಂದು ಒದರುತ್ತಲೇ ಇತ್ತು.

“ಆಂಪು, ಪೆಡಲು, ಮೈಕಿನ ಮಿಕ್ಸರು, ಎಲ್ಲಾ ಒಂದ ಕರಂಟ್ ಬೋರ್ಡಿಗಿ ಹಚ್ಚಾಕ ಹೇಳಿದ್ದೆ,” ಅಂದ ರಾಮಲಿಂಗ.

ಹಾಗೇ ಹಚ್ಚಿದ್ದೇವೆ ಎಂದು ಕೀಬೋರ್ಡ್ ನುಡಿಸುವ ರೋಹನ ಮುಖ ನೋಡದೆ ಹೇಳಿದ. ವೇದಿಕೆಯ ಪರದೆಯ ಹಿಂದೆ ಹೋಗಿ ನೋಡುವಷ್ಟು ತಾಳ್ಮೆ ರಾಮಲಿಂಗನಲ್ಲಿ ಉಳಿದಿರಲಿಲ್ಲ. ಚೀಲ ಎತ್ತಿಕೊಂಡು ಇಳಿದುಬಿಟ್ಟ.

ಅವನ ಬೆನ್ನು ನೋಡುತ್ತ ದಾನೇಶ್ವರಿ ತನ್ನನ್ನೇ ಕೇಳಿಕೊಂಡಳು... ನಾನೇನಾ ಇದನ್ನ ಅಂದಿದ್ದು?

ಮೂರು ತಿಂಗಳು ಅವಳು ಸದಾಶಿವನಗರದಿಂದ ಊರಿನ ಆ ಕಡೆಯ ಶಹಾಪುರದ ಅವನ ರಿಪೇರಿ ಅಂಗಡಿಗೆ ಹೋಗಿದ್ದಳು. ಹಳೆಯ ಮಗ್ಗದ ಹಲಗೆ ಕೊಯ್ದು ಅವನು ಕಾಲಲ್ಲಿ ಒತ್ತಿ ಗಿಟಾರಿನ ದನಿ ಬದಲಿಸಲು ಪೆಡಲ್‌ಬೋರ್ಡ್ ಮಾಡಿದ್ದ. ಅವಳನ್ನು ಬರಿಗಾಲಲ್ಲಿ ನಿಲ್ಲಿಸಿ, ಹೆಬ್ಬೆರಳು ತಾನಾಗಿ ಮುಟ್ಟಿದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿ, ಆ ಗುರುತುಗಳ ಮೇಲೇ ಒಂದೊಂದು ಪೆಡಲು ಕೂರಿಸಿದ್ದ.

“ಕಾಲು ನೋಡಕೊಂತ ಹಾಡಬ್ಯಾಡ. ಮುಂದ ನೋಡಿ ಹಾಡು,” ಅಂದಿದ್ದ. ಮುಂದೆ ಇದ್ದದ್ದು ಅವನೇ.

ಅಷ್ಟರಲ್ಲಿ ರೋಹನ ತಂತಿ ಕತ್ತರಿಸುವ ಪಕ್ಕಡ ಹಿಡಿದು ಪರದೆಯ ಹಿಂದೆ ಹೋದ. ಕಟ್ ಎಂದಿತು. ಗುಂಯ್ ಸದ್ದು ಒಮ್ಮೆಲೇ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಗೇಟಿನ ಬಳಿ ರಾಮಲಿಂಗನಿಗೂ ಕೇಳಿಸಿತು, ಆ ಮೌನ. ಅವನು ನಿಂತ. ಒಂದೇ ಕ್ಷಣದಲ್ಲಿ ಹಾಗೆ ಸದ್ದು ಹೋಗಬೇಕಾದರೆ ಯಾರೋ ಸೋರಿದ ಕರಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ತೆಗೆದಿದ್ದಾರೆ...

ಓಡಿ ಬಂದ. ಅವಳ ಕೈ ಗಿಟಾರಿನ ತಂತಿಯ ಮೇಲಿತ್ತು, ತುಟಿ ಮೈಕಿಗೆ ನಾಲ್ಕು ಬೆರಳು ದೂರ. ಅವನು ಮೈಕಿನ ಸ್ಟ್ಯಾಂಡಿಗೇ ಒದ್ದ. ಅದು ದಢಾರನೆ ಬಿತ್ತು.

“ಹುಚ್ಚ ಹಿಡದೈತೇನಲೇ?” ಎಂದ ರೋಹನ.

“ಗಿಟಾರ ಕೆಳಗಿಡು, ದಾನಿ.”

ಅವಳು ಇಟ್ಟಳು. ಅವನು ಟೆಸ್ಟರಿನ ತುದಿಯನ್ನು ಗಿಟಾರಿನ ತಂತಿಗೆ ತಾಗಿಸಿದ. ಒಳಗಿನ ದೀಪ ಕೆಂಪಗೆ ಹೊತ್ತಿತು.

“ತಂತಿಯಾಗ ಕರಂಟ್ ಐತಿ. ಮೈಕಿಗಿ ತುಟಿ ಹತ್ತಿತ್ತಂದ್ರ ನಿನ್ನ ಮೈಯಾಗಿಂದ ಹಾದು ಹೋಗ್ತಿತ್ತು.”

ಪರದೆ ಸರಿಸಿದರೆ ಆಂಪ್‌ನ ವೈರು ಬೇರೆಯೇ ಗೋಡೆಯ ಸಾಕೆಟ್ಟಿನಲ್ಲಿತ್ತು; ಗುಂಯ್ ಸದ್ದಿಗೆ ಅದೇ ಕಾರಣ. ಪ್ಲಗ್ಗಿನ ಮೂರನೇ ಪಿನ್ನು, ಅರ್ಥಿಂಗಿನ ಹಿತ್ತಾಳೆಯದು, ತುಂಡಾಗಿ ನೆಲದ ಮೇಲೆ ಬಿದ್ದಿತ್ತು. ವೈರು ಬೋರ್ಡಿನ ತನಕ ಮುಟ್ಟಲಿಲ್ಲ ಎಂದು ರೋಹನ ಗೊಣಗಿದ. ಯಾರೂ ನಗಲಿಲ್ಲ.

ರಾಮಲಿಂಗ ಹೊಸ ಪ್ಲಗ್ಗು ಹಾಕಿದ. ಚೀಲದಿಂದ ಉದ್ದನೆಯ ವೈರು ತೆಗೆದು ಎಲ್ಲವನ್ನೂ ಒಂದೇ ಬೋರ್ಡಿಗೆ ತಂದ. ಗುಂಯ್ ಸದ್ದು ಇಲ್ಲ. ಟೆಸ್ಟರಿನ ದೀಪವೂ ಹೊತ್ತಲಿಲ್ಲ. ಆದರೂ ಅವನು ಬಿದ್ದಿದ್ದ ಮೈಕನ್ನು ಎತ್ತಿ ನಿಲ್ಲಿಸಿ, ಒಂದು ಕೈಯಲ್ಲಿ ಗಿಟಾರಿನ ತಂತಿಗಳನ್ನು ಅದುಮಿ ಹಿಡಿದು, ಕಣ್ಣು ಮುಚ್ಚಿ, ತನ್ನ ತುಟಿಯನ್ನೇ ಮೈಕಿಗೆ ಒತ್ತಿದ.

ದಾನೇಶ್ವರಿ ಅವನತ್ತ ಒಂದು ಹೆಜ್ಜೆ ಇಟ್ಟಳು.

ಏನೂ ಆಗಲಿಲ್ಲ. ಅವನು ಗಿಟಾರನ್ನು ಅವಳ ಕೈಗೆ ಕೊಟ್ಟ. “ಹಾಡ್ರಿ.”

ಇಷ್ಟು ದಿನ ಇಲ್ಲದ ಆ ‘ರಿ’ ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು.

ಅವಳು ಮೈಕು ಹಿಡಿದಳು.

“ಎಲ್ಲಾರ ಮುಂದ ಅಂದೇನಿ, ಎಲ್ಲಾರ ಮುಂದನ ಹೇಳ್ತೇನಿ. ತಪ್ಪು ನಂದು. ಮೂರು ತಿಂಗಳು ನಾ ಪೆಡಲ್ ನೋಡಾಕ ಬರಲಿಲ್ಲೋ... ನಿನ್ನ ನೋಡಾಕ ಬಂದೆ. ಹೋಗಬ್ಯಾಡ, ರಾಮಲಿಂಗ. ನಿನ್ನ ಬಿಟ್ಟು ನನಗ ಆಗೂದಿಲ್ಲ.”

ಆಂಪ್‌ನಿಂದ ಒಂದಿಷ್ಟೂ ಗುಂಯ್ ಸದ್ದಿಲ್ಲ. ಅಷ್ಟು ಚೊಕ್ಕ ಮಾಡಿಕೊಟ್ಟಿದ್ದ ಅವನು.

ರಾಮಲಿಂಗ ಟೆಸ್ಟರನ್ನು ಜೇಬಿಗೆ ಸಿಕ್ಕಿಸಿಕೊಂಡ. ಚೀಲ ಹೆಗಲಿಗೇರಿಸಿದ. ಒಂದು ಸಲ ಅವಳನ್ನು ನೋಡಿದ... ನಂತರ ಮೆಟ್ಟಿಲಿಳಿದು, ಆಗ ನಗು ಎದ್ದಿದ್ದ ಅದೇ ಕುರ್ಚಿಗಳ ನಡುವೆ, ಗೇಟಿನ ಕಡೆ ನಡೆದುಬಿಟ್ಟ.