ವಾಪಸ್ ತಗೊಂಡ ಥ್ಯಾಂಕ್ಸ್

ಲಿತಿಯಾ ಹಿತ್ತಲಿನ ನಲ್ಲಿಯ ಹತ್ತಿರ ನಿಂತು ಮತ್ತೆ ಹಲ್ಲುಜ್ಜುತ್ತಿದ್ದಳು. ಇಂಟರ್‌ವ್ಯೂ ಮುಗಿಸಿ ಬಂದವಳು ಬಟ್ಟೆಯನ್ನೂ ಬದಲಾಯಿಸಿರಲಿಲ್ಲ. ಬಿಳಿ ಬ್ಲೌಸಿನ ಮೇಲೆ ಪೇಸ್ಟಿನ ನೊರೆ ಬಿದ್ದಿತ್ತು.

"ಅಲ್ಲಿ ಏನೇ ತಿಂದೆ?" ಅಡುಗೆಮನೆಯ ಕಿಟಕಿಯಿಂದ ಅಜ್ಜಿ ಕೇಳಿದಳು. ಸುವಾ ಪಟ್ಟಣದ ಆ ಬೀದಿಗೆಲ್ಲ ಅವಳು ಬುಬು. ಬುಬು ಅಂದರೂ ಅಜ್ಜಿಯೇ.

"ತಿಂದಿಲ್ಲ, ಹೇಳ್ದೆ. ಥ್ಯಾಂಕ್ಯೂ ಸರ್ ಅಂತ ಹೇಳಿ ಬಂದೆ."

"ಒಳ್ಳೇದೇ ಮಾಡ್ದೆ ಬಿಡು."

ಲಿತಿಯಾ ಥೂ ಎಂದು ಉಗಿದಳು.

ದ್ವೀಪಗಳಿಗೆ ಹಡಗು ಓಡಿಸುವ ಕಂಪನಿ ಅದು. ಟಿಕೆಟ್ ಕೌಂಟರಿನ ಕೆಲಸ. ಮ್ಯಾನೇಜರ್ ಮಾಲಕಾಯಿ ಇಂಟರ್‌ವ್ಯೂ ಉದ್ದಕ್ಕೂ ಬ್ರೆಡ್ಡಿನೊಳಗೆ ಡಬ್ಬಿಯ ಮೀನು ಇಟ್ಟುಕೊಂಡು ತಿನ್ನುತ್ತಿದ್ದ. ಎಣ್ಣೆಯ ಬೆರಳನ್ನು ನೆಕ್ಕಿ, ಅದೇ ಬೆರಳಿನಿಂದ ಅವಳ ಸರ್ಟಿಫಿಕೇಟ್ ತಿರುವಿದ. ಆಮೇಲೆ ಹಿಂದಕ್ಕೆ ಒರಗಿ, "ಕೌಂಟರಲ್ಲಿ ಕೂರೋರಿಗೆ ಮುಖ ಮುಖ್ಯ ಕಣಮ್ಮ. ಎಲ್ಲಿ, ಸ್ವಲ್ಪ ನಗು ನೋಡೋಣ," ಎಂದ.

ಅವಳು ನಕ್ಕಳು.

"ಹಲ್ಲು ಕಾಣ್ಲಿ. ಹಾಂ. ಈಗ ಎದ್ದು ಒಂದು ಸುತ್ತು ತಿರುಗು."

ಅವಳು ತಿರುಗಿದಳು. ಯಾಕೆ ತಿರುಗಿದೆನೆಂದು ಅವಳಿಗೇ ಗೊತ್ತಿರಲಿಲ್ಲ. ಹೊರಡುವಾಗ ಬಾಗಿಲಲ್ಲಿ ಥ್ಯಾಂಕ್ಯೂ ಬೇರೆ ಹೇಳಿದಳು. ಆ ಮಾತು ಕೊಳೆತ ಮೀನಿನಂತೆ ಇನ್ನೂ ನಾಲಿಗೆಗೆ ಅಂಟಿಕೊಂಡಿತ್ತು.

ಆದರೆ ಅದಕ್ಕಿಂತ ಹೇಸಿಗೆ ತರಿಸಿದ್ದು ಇನ್ನೊಬ್ಬ. ಮಾಲಕಾಯಿಯ ಪಕ್ಕ ಕೂತಿದ್ದ ಇನೋಕೆ. ಹಡಗುಗಳ ವೇಳೆ ನೋಡಿಕೊಳ್ಳುವವನು. ಇಂಟರ್‌ವ್ಯೂಗೆ ಮೊದಲು, ಹೊರಗೆ ಬೆಂಚಿನ ಮೇಲೆ ಬೆವರುತ್ತಿದ್ದವಳ ಕಡೆಗೆ ಫ್ಯಾನ್ ತಿರುಗಿಸಿದ್ದ. ಅವಳ ಮುಂಗುರುಳು ಹಾರಿದ್ದನ್ನು ನೋಡಿ, ನೋಡಿದ್ದು ಗೊತ್ತಾಯಿತೇನೋ ಎಂದು ಕಿವಿ ಕೆಂಪು ಮಾಡಿಕೊಂಡಿದ್ದ. "ಹೆದರ್ಬೇಡಿ, ಒಳಗೆ ನಾನೂ ಇರ್ತೀನಿ," ಎಂದಿದ್ದ. ಅವಳಿಗೂ ಆ ಕಣ್ಣು ಹಿಡಿಸಿತ್ತು.

ಒಳಗೆ ಅವನು ಇದ್ದದ್ದೇನೋ ನಿಜ. ಕುರ್ಚಿ ಇದ್ದ ಹಾಗೆ ಇದ್ದ. ಅವಳು ಸುತ್ತು ತಿರುಗುವಾಗ ಕಾಗದ ನೋಡುತ್ತಿದ್ದ.

"ಈಗ ಇಂಟರ್‌ವ್ಯೂ ಮಾಡ್ದೋರಿಗೆ ಮೇಲ್ ಕಳಿಸ್ಬೇಕಂತೆ, ಥ್ಯಾಂಕ್ಸ್ ಅಂತ," ಎಂದಳು ಬುಬು. "ಪಕ್ಕದ್ಮನೆ ಹುಡುಗಿಗೆ ಹಂಗೇ ಕೆಲಸ ಸಿಕ್ಕಿದ್ದು."

"ಕಳಿಸ್ತೀನಿ ಇರು," ಎಂದು ಲಿತಿಯಾ ಬಾಯಿ ಒರೆಸಿಕೊಂಡು ಫೋನ್ ತೆಗೆದಳು. ಇಬ್ಬರಿಗೂ ಸೇರಿಸಿ ಬರೆದಳು:

'ಇವತ್ತು ನಾನು ನಿಮಗೆ ಥ್ಯಾಂಕ್ಸ್ ಹೇಳಿದೆ. ಅದನ್ನು ವಾಪಸ್ ತಗೊಳ್ತಿದ್ದೇನೆ. ತಿರುಗು ಎಂದವರಿಂದಲೂ, ಆಗ ಕಾಗದ ನೋಡುತ್ತಾ ಕೂತವರಿಂದಲೂ.'

ಶನಿವಾರ ಸಂಜೆ ಇನೋಕೆ ಅರ್ಜಿಯಲ್ಲಿದ್ದ ವಿಳಾಸ ಹಿಡಿದು ಮನೆಗೇ ಬಂದ. ಇಸ್ತ್ರಿ ಮಾಡಿದ ಬೂದು ಪಂಚೆ, ತಲೆಗೆ ಎಣ್ಣೆ, ಕೈಯಲ್ಲಿ ಪೇಪರು ಸುತ್ತಿದ ಕಾವಾ ಬೇರಿನ ಕಟ್ಟು, ತಪ್ಪೊಪ್ಪಿಕೊಳ್ಳುವಾಗ ಹಿರಿಯರ ಮುಂದೆ ಇಡುವಂಥದ್ದು. ಬಾಗಿಲಲ್ಲೇ ಚಾಪೆಯ ಅಂಚಿಗೆ ಕೂತು, ತಲೆ ತಗ್ಗಿಸಿ, ಬೇರನ್ನು ಬುಬುವಿನ ಮುಂದೆ ಸರಿಸಿದ.

"ನಿಮ್ಮ ಮೊಮ್ಮಗಳಿಗೆ ನಮ್ಮ ಆಫೀಸಲ್ಲಿ ಅವಮಾನ ಆಯ್ತು. ತಪ್ಪಾಯ್ತು ಬುಬು."

ಬುಬುವಿನ ಮುಖ ಅರಳಿತು. ಅವಳು ಆ ಬೇರನ್ನು ಮುಟ್ಟಿದರೆ ಸಾಕು, ಕ್ಷಮಿಸಿದ ಹಾಗೆ. ಆಮೇಲೆ ಮನೆಯಲ್ಲಿ ಯಾರೂ ಆ ವಿಷಯ ಎತ್ತುವಂತಿಲ್ಲ. ಬುಬು ಕೈ ಚಾಚಿದಳು.

"ಮುಟ್ಬೇಡ," ಎಂದಳು ಲಿತಿಯಾ.

"ಲಿತಿಯಾ!"

"ಇವ್ರು ಯಾರ ಮುಂದೆ ತಲೆ ತಗ್ಗಿಸಿದ್ದಾರೆ ನೋಡು. ನಿನ್ನ ಮುಂದೆ. ಅಲ್ಲಿ ಸುತ್ತು ತಿರುಗಿದ್ದು ನೀನಾ?"

ಬುಬು ನಾಚಿಕೆಯಿಂದ ಕುಗ್ಗಿದಳು. ಬೇರು ತಂದವನನ್ನು ಹೀಗೆ ಕೂರಿಸಿ ಅವಮಾನ ಮಾಡಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಮಾತು ಬದಲಿಸಲು, "ಯಾವ ದ್ವೀಪದೋನಪ್ಪ ನೀನು?" ಎಂದು ಕೇಳಿದಳು. ಅವನು ಹೇಳಿದ. ಬುಬು ಕೈ ತಟ್ಟಿ ನಕ್ಕಳು. "ಅಯ್ಯೋ, ಬಾವಲಿ ತಿನ್ನೋರ ಕಡೆಯೋನಾ! ಮೊದಲೇ ಹೇಳ್ಬಾರ್ದಾ!"

ಅವರ ದ್ವೀಪಕ್ಕೂ ಇವರ ದ್ವೀಪಕ್ಕೂ ತಾತಂದಿರ ಕಾಲದಿಂದ ಬೈದಾಡುವ ನಂಟು. ಏನೇ ಬೈದರೂ ಸಿಟ್ಟಾಗುವಂತಿಲ್ಲ.

"ಹಾಗಾದ್ರೆ ನಾನು ಏನು ಬೇಕಾದ್ರೂ ಬೈಬಹುದು?" ಲಿತಿಯಾ ಕೇಳಿದಳು.

"ಬೈಬಹುದು," ಎಂದ ಇನೋಕೆ. ಮೊದಲ ಬಾರಿಗೆ ತಲೆ ಎತ್ತಿದ. ಅದೇ ಕಣ್ಣು. ಅವಳಿಗೆ ಮೈಯೆಲ್ಲ ಉರಿಯಿತು.

"ಮಾಲಕಾಯಿ ಹೊಲಸು. ಅದು ದೂರದಿಂದ್ಲೇ ನಾರತ್ತೆ, ಮೂಗು ಮುಚ್ಕೋಬಹುದು. ನೀವು ಹಂಗಲ್ಲ, ಸೋಪು ಹಚ್ಚಿದ ಹೊಲಸು. ನಾನೂ ಇರ್ತೀನಿ ಅಂದಿರಲ್ಲ, ಇದ್ದು ಏನು ಮಾಡಿದ್ರಿ?"

"ಏನೂ ಮಾಡ್ಲಿಲ್ಲ."

"ಯಾಕೆ?"

"ಕೆಲಸ ಹೋಗತ್ತೆ ಅಂತ." ಅವನು ನೆಪ ಹುಡುಕಲಿಲ್ಲ. "ನಿಮ್ಮ ಮೇಲ್ ಓದಿದ ಮೇಲೆ ಊಟ ಗಂಟಲಲ್ಲಿ ಇಳೀತಿಲ್ಲ."

"ಇಳೀದೇ ಇರ್ಲಿ. ಈ ಬೇರು ತಗೊಂಡು ಹೋಗಿ. ಎಲ್ಲಿ ಸುಮ್ನೆ ಕೂತಿದ್ರೋ ಅಲ್ಲೇ ಬಾಯಿ ಬಿಡಿ, ಅವನ ಎದುರಿಗೆ. ಆಮೇಲೆ ಬರಿಗೈಲಿ ಬನ್ನಿ."

ಅವನು ಕಟ್ಟನ್ನು ಎತ್ತಿಕೊಂಡು ಎದ್ದ. ಗೇಟಿನ ಹತ್ತಿರ ನಿಂತು ತಿರುಗಿ ಕೇಳಿದ: "ನಿಮ್ಮ ಮೇಲ್ ಕಂಪನಿ ಮಾಲೀಕರಿಗೆ ತೋರಿಸ್ಬಹುದಾ? ನೀವು ಹೂಂ ಅಂದ್ರೆ ಮಾತ್ರ."

"ತೋರಿಸಿ."

ಅವನು ಹೋದ ಮೇಲೂ ಅವಳು ಗೇಟನ್ನೇ ನೋಡುತ್ತಿದ್ದಳು. ಬುಬು ಎರಡು ದಿನ ಮಾತು ಬಿಟ್ಟಳು.

ವಾರಗಳು ಕಳೆದವು. ಲಿತಿಯಾಗೆ ಪೇಟೆಯ ಔಷಧಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಅಂಗಡಿಯ ಬಾಗಿಲಲ್ಲಿ ಬೂದು ಪಂಚೆ ಕಂಡರೆ ಅವಳ ಕೈ ಅರ್ಧಕ್ಕೆ ನಿಲ್ಲುತ್ತಿತ್ತು. ಅವನಲ್ಲ ಎಂದು ತಿಳಿದಾಗ ಆಗುವ ನಿರಾಸೆಗೆ ಅವಳಿಗೆ ತನ್ನ ಮೇಲೇ ವಾಕರಿಕೆ ಬರುತ್ತಿತ್ತು. ಕಾಗದ ನೋಡುತ್ತಾ ಕೂತವನಿಗಾಗಿ ಕಾಯುವುದೇ? ಥೂ.

"ಕತ್ತು ಉಳುಕತ್ತೆ ಕಣೇ," ಎಂದಳು ಬುಬು ಒಂದು ಸಂಜೆ, ಮರಗೆಣಸು ಸುಲಿಯುತ್ತಾ. "ಗೇಟು ಎಲ್ಲೂ ಓಡಿ ಹೋಗಲ್ಲ."

"ನಾನು ಯಾರ್ನೂ ನೋಡ್ತಿಲ್ಲ."

"ಬಾವಲಿ ಬಂತು ನೋಡು."

ಇನೋಕೆ ಗೇಟಿನಲ್ಲಿ ನಿಂತಿದ್ದ. ಬರಿಗೈ. ಮಾಸಿದ ಮೇಲಂಗಿ, ಕೆದರಿದ ತಲೆ. ಅವನಿಗಿಂತ ಮುಂಚೆ ಅವನ ವಾಸನೆ ಬಂತು: ಡೀಸೆಲ್ಲು, ಒಣಕೊಬ್ಬರಿ, ಅದರ ಮೇಲೆ ಹುಳಿಹುಳಿ ಇನ್ನೇನೋ.

ಲಿತಿಯಾ ಮೂಗು ಮುಚ್ಚಿಕೊಂಡಳು. "ಅಯ್ಯಪ್ಪಾ! ಏನಿದು?"

"ವಾಂತಿ. ನಂದಲ್ಲ, ಪ್ಯಾಸೆಂಜರ್‌ಗಳದ್ದು. ಸಮುದ್ರ ಜೋರಾಗಿತ್ತು. ಡೆಕ್ ತೊಳೆಯೋರು ಕಮ್ಮಿ ಇದ್ರು." ಅವನು ಗೇಟಿನಾಚೆಯೇ ನಿಂತ. "ಆಫೀಸಿಂದ ಹಡಗಿಗೆ ಹಾಕಿದ್ರು ನನ್ನ. ಇಳಿದವನು ನೇರ ಇಲ್ಲಿಗೇ ಬಂದೆ. ಸ್ನಾನಕ್ಕೆ ಅಂತ ಮನೆಗೆ ಹೋದ್ರೆ ಧೈರ್ಯ ಹೋಗ್ಬಿಡತ್ತೆ ಅನ್ನಿಸ್ತು."

"ಹೇಳಿದ್ರಾ?"

"ಹೇಳ್ದೆ. ಮಾಲೀಕರ ಮುಂದೆ, ಮಾಲಕಾಯಿ ಎದುರಿಗೇ. ಅವನು ತಮಾಷೆ ಮಾಡಿದ್ದು ಅಂದ. ನಾನು ಅಲ್ಲ ಅಂದೆ. ನೀವು ಹ್ಯಾಗೆ ತಿರುಗಿದ್ರಿ, ನಾನು ಹ್ಯಾಗೆ ಕಣ್ಣು ಕೆಳಗೆ ಹಾಕ್ದೆ, ಎಲ್ಲ ಹೇಳ್ದೆ. ಅವನಿನ್ನು ಯಾರ್ನೂ ಇಂಟರ್‌ವ್ಯೂ ಮಾಡೋ ಹಾಗಿಲ್ಲ. ಕುರ್ಚಿ ಮಾತ್ರ ಅವನದೇ."

"ನಿಮ್ಮ ಕುರ್ಚಿ ಹೋಯ್ತು."

"ಹೋಯ್ತು."

"ನ್ಯಾಯ ಅಂತಾರಾ ಇದನ್ನ?"

"ಇಲ್ಲ. ಆದ್ರೆ ಈಗ ಊಟ ಇಳೀತಿದೆ."

ಲಿತಿಯಾ ಅವನನ್ನು ನೋಡಿದಳು. ಬಿಸಿಲಿಗೆ ಮೂಗಿನ ತುದಿ ಸುಲಿದಿತ್ತು. ತೋಳಿನ ಮೇಲೆ ಉಪ್ಪು ಒಣಗಿ ಬಿಳಿ ಗೆರೆಯಾಗಿತ್ತು. ಅವನೂ ನೋಡುತ್ತಿದ್ದ, ಕಣ್ಣು ತಗ್ಗಿಸದೆ. ಕೊನೆಗೆ ತಗ್ಗಿಸಿದ್ದು ಅವಳೇ.

"ನಾಳಿದ್ದು ಮತ್ತೆ ಹಡಗು," ಎಂದ ಅವನು. "ವಾಪಸ್ ಬಂದಾಗ ಇಲ್ಲಿಗೆ ಬರ್ಲಾ? ನೀವು ಬೇಡ ಅಂದ್ರೆ ಬರಲ್ಲ."

ಅವಳು ಮೂಗಿನಿಂದ ಕೈ ತೆಗೆಯದೆ ಗೇಟಿನ ಚಿಲಕ ತೆಗೆದಳು.

"ಇಷ್ಟು ದಿನ ನಿನಗೋಸ್ಕರ ಕಾಯ್ತಾ ಕೂತಿದ್ದೆ. ನನ್ನ ಜೀವನದಲ್ಲಿ ಇದಕ್ಕಿಂತ ಹೇಸಿಗೆ ಕೆಲಸ ನಾನು ಮಾಡಿಲ್ಲ," ಎಂದಳು. "ಒಳಗೆ ಬಾ. ಮೊದಲು ಸ್ನಾನ. ಹತ್ತಿರ ಬಂದ್ರೆ ಕೊಲ್ತೀನಿ."

ಅಡುಗೆಮನೆಯ ಕಿಟಕಿಯಲ್ಲಿ ಬುಬು ಆಗಲೇ ಟವೆಲ್ ಹಿಡಿದು ನಿಂತಿದ್ದಳು.