ಜಿಪ್ಪಣ್ಣನ ಕುರ್ಚಿ ಹೋದ ದಿನ

ಸೋಮವಾರ ಬೆಳಿಗ್ಗೆ ನಾನಿನ್ನೂ ನನ್ನ ಗಡಿಯಾರದ ಅಂಗಡಿಯ ಶಟರ್ ಎತ್ತಿರಲಿಲ್ಲ, ಅಷ್ಟರಲ್ಲೇ ಜಿಪ್ಪಣ್ಣ ಮಹಡಿ ಹತ್ತಿ ನಮ್ಮ ದೊಡ್ಡಮ್ಮನ ಬಾಗಿಲು ಬಡಿಯತೊಡಗಿದ್ದರು. ಶಾಲೆಯ ಮಕ್ಕಳ ಬ್ಯಾಗು ಹೊಲಿಸುವ ಕಾರ್ಖಾನೆ ಅವರದು. ಹೊಲಿದಾದ ಪ್ರತಿ ಬ್ಯಾಗೂ ಅವರ ಕುರ್ಚಿಯ ಮುಂದೆ ಬರಬೇಕು, ಅವರು ಅದರ ಜಿಪ್ಪನ್ನು ಸರ್‍ರೆಂದು ಎಳೆದು ‘ಹೂಂ’ ಅನ್ನಬೇಕು, ಆಮೇಲೆಯೇ ಅದು ಪ್ಯಾಕಿಂಗಿಗೆ ಹೋಗಬೇಕು. ಹಾಗಾಗಿ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಜಿಪ್ಪಣ್ಣ.

ದೊಡ್ಡಮ್ಮ ನನ್ನ ತಾಯಿಯ ಅಕ್ಕ. ನಮ್ಮ ಬೀದಿಯಲ್ಲಿ ಏನು ಕಳೆದುಹೋದರೂ ಜನ ಮೊದಲು ಬರುವುದು ಅವರ ಹತ್ತಿರ. ಹುಡುಕುವವರು ಅವರು, ಹಿಂದೆ ಹಿಂದೆ ಅಲೆಯುವವನು ನಾನು, ಅಷ್ಟು ಹೊತ್ತೂ ನನ್ನ ಅಂಗಡಿಗೆ ಬೀಗ. ಇದರ ಬಗ್ಗೆ ನಾನು ಗೊಣಗದ ದಿನವಿಲ್ಲ, ಹೋಗದ ದಿನವೂ ಇಲ್ಲ.

“ನನ್ನ ಕುರ್ಚಿ ಕಳುವಾಗಿದೆ ದೊಡ್ಡಮ್ಮ,” ಎಂದರು ಜಿಪ್ಪಣ್ಣ ಏದುಸಿರು ಬಿಡುತ್ತಾ.

“ನಿನ್ನ ಆ ಕುರ್ಚಿನ ಯಾರಪ್ಪ ಹೊತ್ಕೊಂಡು ಹೋಗ್ತಾರೆ? ಅದರಲ್ಲಿ ಇಬ್ಬರು ಮಲಗಬಹುದು.”

“ಹೊಲಿಗೆ ಅಕ್ಕನದೇ ಕೆಲಸ. ತಿಂಗಳ ಕೊನೆಗೆ ಕೆಲಸ ಬಿಡ್ತೀನಿ ಅಂತ ಶನಿವಾರ ಹೇಳಿದಾಳೆ. ಹೋಗೋ ಮುಂಚೆ ಸಿಟ್ಟು ತೀರಿಸ್ಕೊಂಡಿದಾಳೆ. ಸಂಜೆಯೊಳಗೆ ಕುರ್ಚಿ ಸಿಗದಿದ್ರೆ ಪೊಲೀಸರಿಗೆ ಅವಳ ಹೆಸರೇ ಕೊಡ್ತೀನಿ.”

ದೊಡ್ಡಮ್ಮನ ಮುಖದಲ್ಲಿದ್ದ ನಗು ಮಾಯವಾಯಿತು. ಹೊಲಿಗೆ ಅಕ್ಕ ಆ ಕಾರ್ಖಾನೆಯ ಬೆನ್ನೆಲುಬು. ಕಳ್ಳಿ ಎನ್ನಿಸಿಕೊಂಡ ಕ್ಷಣವೇ ಆಕೆ ಎದ್ದು ಹೋಗುತ್ತಾಳೆ, ಶಾಲೆ ಶುರುವಾಗುವ ಹೊತ್ತಿಗೆ ಮುಗಿಯಬೇಕಾದ ಕೆಲಸ ನಿಲ್ಲುತ್ತದೆ, ಕಾರ್ಖಾನೆ ಮುಚ್ಚುತ್ತದೆ. ಇದು ನನಗೂ ಗೊತ್ತಿತ್ತು. ಜಿಪ್ಪಣ್ಣನೊಬ್ಬರಿಗೇ ಗೊತ್ತಿದ್ದಂತಿರಲಿಲ್ಲ.

ದೊಡ್ಡಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಇದೇನು, ಇವತ್ತು ಬಟ್ಟೆ ಶೂ? ನಿನ್ನ ಚರ್ಮದ ಚಪ್ಪಲಿ ಎಲ್ಲಿ?”

“ಮನೇಲಿ ನನ್ನ ಹೆಂಡ್ತಿ ಇದನ್ನೇ ಹಾಕ್ಕೊಂಡು ಹೋಗಿ ಅಂದ್ಲು. ಕುರ್ಚಿ ಹೋಗಿದೆ ಅಂತಿದೀನಿ, ನೀವು ಚಪ್ಪಲಿ ಕೇಳ್ತೀರಲ್ಲ.”

ಕಾರ್ಖಾನೆಗೆ ಹೋದೆವು. ಬೀಗ ಒಡೆದಿರಲಿಲ್ಲ. ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು. ಇದ್ದದ್ದು ಒಂದೇ ಬೀಗದ ಕೈ. ದಿನವೆಲ್ಲ ಅದು ಜಿಪ್ಪಣ್ಣನ ಸೊಂಟದಲ್ಲಿ, ಮನೆಯಲ್ಲಿದ್ದಾಗ ಗೋಡೆಯ ಮೊಳೆಯಲ್ಲಿ. ಇನ್ನು ಕುರ್ಚಿಯೋ, ಬಡಗಿ ಒಳಗೇ ಕೂತು ಮಾಡಿದ್ದು. ಅದರ ಅಗಲಕ್ಕೆ ಬಾಗಿಲಲ್ಲಿ ಹಿಡಿಸುವುದೇ ಇಲ್ಲ. ಅದು ಇದ್ದ ಜಾಗದಲ್ಲಿ ಮರದ ಒಂದು ಚಕ್ಕೆಯೂ ಬಿದ್ದಿರಲಿಲ್ಲ.

“ಗರಗಸದಲ್ಲಿ ಕೊಯ್ದು ತಗೊಂಡು ಹೋಗಿದಾರೆ,” ಎಂದೆ ನಾನು.

“ಹೊಟ್ಟು ಎಲ್ಲೋ, ಜಾಣ?” ಎಂದರು ದೊಡ್ಡಮ್ಮ.

ಆಮೇಲೆ ದೊಡ್ಡಮ್ಮ ಮಾಡಿದ್ದು ನನಗೆ ಚೂರೂ ಅರ್ಥವಾಗಲಿಲ್ಲ. ಜಿಪ್ಪಣ್ಣನಿಗೇ ವಿಚಾರಣೆ ಒಪ್ಪಿಸಿದರು. “ಒಬ್ಬೊಬ್ಬರ ಪಕ್ಕದಲ್ಲೂ ನಿಂತ್ಕೊ. ಅವರ ಕೆಲಸಕ್ಕೆ ಕೈ ಹಾಕು. ಕೆಲಸ ಮಾಡ್ತಾ ಮಾಡ್ತಾ ಜನ ನಿಜ ಹೇಳ್ತಾರೆ. ಸಂಜೆ ತನಕ ಯಾರ ಮೇಲೂ ತಪ್ಪು ಹೊರಿಸಬೇಡ.”

ಕೂರಲು ಬೇರೆ ಜಾಗವಾದರೂ ಎಲ್ಲಿತ್ತು? ಬೆಳಿಗ್ಗೆಯೆಲ್ಲ ಅವರು ಬಟ್ಟೆ ಕತ್ತರಿಸುವವರ ಜೊತೆ ಅಳತೆ ಹಿಡಿದರು, ದಾರದ ಉಂಡೆ ಹೊತ್ತರು, ಬೆವರಿದರು. ಮಧ್ಯಾಹ್ನ ಹೊಲಿಗೆ ಅಕ್ಕನ ಮಿಷನ್ನಿನ ಪಕ್ಕ ನಿಂತರು. ಆಕೆ ಬ್ಯಾಗು ಮುಗಿಸಿ ಸುಮ್ಮನೆ ಕೈಕಟ್ಟಿ ಕೂತದ್ದು ಕಂಡು ಕೆಂಡವಾದರು.

“ಯಾಕೆ ನಿಲ್ಸಿದೆ?”

“ಇಲ್ಲಿ ಮುಗಿದ ಬ್ಯಾಗು ಇಡೋಕೆ ಜಾಗ ಇಲ್ಲ ಯಜಮಾನ್ರೇ. ಅಷ್ಟೂ ನೀವು ಜಿಪ್ ಎಳೆಯೋದನ್ನ ಕಾಯ್ತಿವೆ. ದಿನಾ ಹೀಗೇ.”

“ಮೊದಲೇ ಯಾಕೆ ಹೇಳಲಿಲ್ಲ?”

“ಹೇಳ್ದೆ. ನೀವು ಆ ತುದೀಲಿ ಕುರ್ಚಿ ಮೇಲಿದ್ರಿ. ಮಿಷನ್ ಸದ್ದಲ್ಲಿ ಎಲ್ಲದಕ್ಕೂ ‘ಹೂಂ’ ಅಂದ್ರಿ. ಕೂಗಿ ಕೂಗಿ ಸಾಕಾಯ್ತು, ಅದಕ್ಕೇ ಹೋಗ್ತಿದೀನಿ.”

ಜಿಪ್ಪಣ್ಣ ರಾಶಿಬಿದ್ದ ಬ್ಯಾಗುಗಳ ಕಡೆ ತಿರುಗಿ ನೋಡಿದರು. ಪಾಪ ಎನಿಸಿತು ನನಗೆ, ಒಳಗೊಳಗೇ ನಗುವೂ ಬಂತು.

ಸಂಜೆ ದೊಡ್ಡಮ್ಮ ಎಲ್ಲರನ್ನೂ ಹಿಂದಿನ ಪ್ಯಾಕಿಂಗ್ ಕೋಣೆಗೆ ಕರೆದರು. ಜಿಪ್ಪಣ್ಣನ ಹೆಂಡತಿಗೂ ಹೇಳಿಕಳಿಸಿದ್ದರು. ಪ್ಯಾಕಿಂಗ್ ನೋಡಿಕೊಳ್ಳುವವನು ಆಕೆಯ ತಮ್ಮ, ಸದಾ ಹಲ್ಲು ಕಿರಿಯುವ ಆಸಾಮಿ. ಅವನು ಬ್ಯಾಗುಗಳನ್ನು ಮಡಿಸುತ್ತಿದ್ದದ್ದು ಎರಡು ಪೆಟ್ಟಿಗೆಗಳ ಮೇಲೆ ಕೂರಿಸಿದ ಅಗಲವಾದ ಹಲಗೆಯ ಮೇಜಿನ ಮೇಲೆ. ಅದರ ಅಂಚಿಗೆ ಎರಡು ದಪ್ಪ ಪಟ್ಟಿ. ಎರಡೂ ಒಂದೊಂದು ಕಡೆ ಸವೆದು ಮಿರಮಿರ ಹೊಳೆಯುತ್ತಿದ್ದವು.

“ಈ ಮೇಜು ಯಾವಾಗ ಬಂತು?” ದೊಡ್ಡಮ್ಮ ಕೇಳಿದರು.

“ಮೊದಲಿಂದಲೂ ಇದೆ ಅನ್ಸುತ್ತೆ,” ಎಂದರು ಜಿಪ್ಪಣ್ಣ.

ಯಾರೋ ಕಿಸಕ್ಕೆಂದರು.

“ಬಾ, ಇದರ ಮೇಲೆ ಮೊಣಕೈ ಊರು.”

ಊರಿದರು. ಆ ಸವೆದ ಎರಡು ಜಾಗಕ್ಕೂ ಅವರ ಮೊಣಕೈಗಳು ಅಚ್ಚುಕಟ್ಟಾಗಿ ಕೂತವು. ಜಿಪ್ಪಣ್ಣ ಬಿಟ್ಟ ಕಣ್ಣು ಬಿಟ್ಟಂತೆಯೇ ನಿಂತರು.

“ಬಾಗಿಲಲ್ಲಿ ಹಿಡಿಸದ ಕುರ್ಚಿ ಇಡಿಯಾಗಿ ಆಚೆ ಹೋಗಿರೋಕೆ ಸಾಧ್ಯ ಇಲ್ಲ,” ದೊಡ್ಡಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. “ಹೊಟ್ಟು ಇಲ್ಲ, ಚಕ್ಕೆ ಇಲ್ಲ ಅಂದ್ಮೇಲೆ ಕೊಯ್ದಿಲ್ಲ, ಒಂದೊಂದೇ ತಿರುಪು ಬಿಚ್ಚಿದಾರೆ. ಬಿಚ್ಚಿದ ಮರಾನ ಎಲ್ಲಿಡಬಹುದು? ಯಜಮಾನ ಕಾಲಿಡದ ಜಾಗದಲ್ಲಿ, ಮೇಜು ಮಾಡಿ. ಈ ಪಟ್ಟಿಗಳು ನಿನ್ನ ಕುರ್ಚಿಯ ಕೈಗಳೇ. ನೀನು ಈ ಕೋಣೆಗೆ ಬಂದು ಎಷ್ಟು ಕಾಲ ಆಯ್ತೋ ನಿಂಗೇ ಗೊತ್ತಿಲ್ಲ. ಪಾಪ, ಇವನು ಇಷ್ಟು ದಿನ ನೆಲದ ಮೇಲೆ ಮಂಡಿಯೂರಿ ಬ್ಯಾಗು ಮಡಿಸ್ತಿದ್ದ.”

“ಆದ್ರೆ ಬೀಗ?”

“ಹೊಲಿಗೆ ಅಕ್ಕನ ಹತ್ರ ಬೀಗದ ಕೈ ಇಲ್ಲ. ಭಾನುವಾರ ನೀನು ಉಂಡು ಮಲಗಿದಾಗ ಅದು ಮೊಳೆಯಲ್ಲಿರುತ್ತೆ. ಅದನ್ನ ತಗೊಳ್ಳೋಕೆ ಆಗೋದು ನಿನ್ನ ಮನೇಲಿರೋರಿಗೆ. ಇನ್ನು ಈ ಶೂ. ಕುರ್ಚಿ ಹೋಗಿದೆ ಅಂತ ನಿಂಗೇ ಗೊತ್ತಾಗೋ ಮುಂಚೆ, ಇವತ್ತು ನೀನು ದಿನವಿಡೀ ನಿಲ್ತೀಯ ಅಂತ ಒಬ್ಬಳಿಗೆ ಗೊತ್ತಿತ್ತು. ನಿನ್ನ ಕಾಲು ನೋಯಬಾರದು ಅಂತಲೂ ಇತ್ತು ಅವಳಿಗೆ.”

ಎಲ್ಲರೂ ಜಿಪ್ಪಣ್ಣನ ಹೆಂಡತಿಯ ಕಡೆ ತಿರುಗಿದರು. ಆಕೆ ಸೆರಗು ಸರಿಮಾಡಿಕೊಂಡರು, ತಲೆ ತಗ್ಗಿಸಲಿಲ್ಲ.

“ಸಣ್ಣ ವ್ಯಾಪಾರಿಗಳ ತರಗತಿಗೆ ಹೆಸರು ಬರೆಸಿದ್ದು ನೀವು ರೀ. ಪುರುಸೊತ್ತಿಲ್ಲ ಅಂತ ಕಳಿಸಿದ್ದು ನನ್ನ. ಅಲ್ಲಿ ಒಬ್ಬೊಬ್ಬ ಮಾಲೀಕರೂ ತಮ್ಮ ಜಾಗ ಬಿಟ್ಟು ಒಂದು ದಿನ ಕೆಲಸದವರ ಜೊತೆ ನಿಂತು ಬಂದ್ರು. ನಿಮಗೂ ಹೇಳ್ದೆ. ನಕ್ಕುಬಿಟ್ರಿ. ಅಕ್ಕ ಹೊರಟು ನಿಂತಾಗ ನನ್ನ ಜೀವ ಬಾಯಿಗೆ ಬಂತು. ನನ್ನ ತಮ್ಮನ್ನ ಕರ್ಕೊಂಡು ಬಂದು ಬಿಚ್ಚಿಸಿದೆ.”

“ಭಾವ, ತಿರುಪೆಲ್ಲ ಜೋಪಾನವಾಗಿ ಇಟ್ಟಿದೀನಿ,” ಎಂದ ತಮ್ಮ, ಹಲ್ಲು ಕಿರಿಯುತ್ತಲೇ.

ಸಿಡಿಲು ಬೀಳುತ್ತದೆಂದು ನಾನು ಬಾಗಿಲ ಕಡೆ ಒಂದು ಹೆಜ್ಜೆ ಸರಿದೆ. ಜಿಪ್ಪಣ್ಣ ಮೊದಲು ಹೆಂಡತಿಯನ್ನು ನೋಡಿದರು, ಆಮೇಲೆ ಕಾಲಲ್ಲಿದ್ದ ಶೂ ನೋಡಿಕೊಂಡರು. ಹೊಟ್ಟೆ ಕುಲುಕತೊಡಗಿತು. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಕೋಣೆಗೆ ಕೋಣೆಯೇ ನಕ್ಕಿತು. ನನಗಂತೂ ಹೇಳಲಾರದಷ್ಟು ಖುಷಿಯಾಯಿತು.

ಹೊಲಿಗೆ ಅಕ್ಕ ಮಾತ್ರ ನಗದೆ ಒಂದು ಹೊಸ ಬ್ಯಾಗು ತಂದು ಅವರ ಮುಂದೆ ಹಿಡಿದಳು. ಜಿಪ್ಪಣ್ಣನ ಕೈ ತಾನಾಗಿ ಜಿಪ್ಪಿನ ಕಡೆ ಹೋಯಿತು. ನಡುದಾರಿಯಲ್ಲಿ ನಿಂತಿತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

“ನೀನು ನೋಡಿದೀಯಲ್ಲ ಅಕ್ಕ, ಸಾಕು. ಮೇಜಿನ ಮೇಲಿಡು,” ಎಂದರು. ಆಮೇಲೆ ದನಿ ತಗ್ಗಿಸಿ, “ನಿನ್ನನ್ನ ಕಳ್ಳಿ ಅಂದ್ಕೊಂಡಿದ್ದೆ. ತಪ್ಪಾಯ್ತು. ಹೋಗಬೇಡ.”

ಹೊಲಿಗೆ ಅಕ್ಕ ಬ್ಯಾಗನ್ನು ಮೇಜಿನ ಮೇಲಿಟ್ಟಳು. ಅದರ ಪಟ್ಟಿಯನ್ನು ನೇರ ಮಾಡಿದಳು.

“ನಾಳೆ ಬೇಗ ಬನ್ನಿ ಯಜಮಾನ್ರೇ,” ಎಂದಳು. “ಜಿಪ್ ಹಚ್ಚೋದು ಹೇಳ್ಕೊಡ್ತೀನಿ.”