ಮೊಳದ ಕೋಲು

ಭರಮಮ್ಮ ಕಟ್ಟಿದ್ದ ಮಲ್ಲಿಗೆ ಮಾಲೆಯ ತುದಿಯನ್ನು ಎಡಗೈಯಲ್ಲಿ ಹಿಡಿದು, ಕೋಲಿನುದ್ದಕ್ಕೂ ಎಳೆದು ಅಳೆಯುತ್ತಿದ್ದಳು ಗಂಗಾಂಬಿಕಾ. ಒಂದು ಮೊಳ... ಎರಡು... ಮೂರನೆಯದಕ್ಕೆ ಮಾಲೆ ಕೋಲಿನ ತುದಿ ಮುಟ್ಟದೆ ನಾಲ್ಕು ಮೊಗ್ಗಿನಷ್ಟು ಹಿಂದೆಯೇ ನಿಂತಿತು.

"ಕಡಿಮಿ ಆತು ಭರಮವ್ವ. ಇನ್ನೆರಡು ಗಂಟು ಹಾಕು."

ಭರಮಮ್ಮ ತಲೆ ಎತ್ತಲಿಲ್ಲ. ಬಾಯಲ್ಲಿದ್ದ ಎಲೆ ಅಡಿಕೆ ಮಾತ್ರ ಒಂದು ಗಳಿಗೆ ಆಡುವುದನ್ನು ನಿಲ್ಲಿಸಿತು.

"ಇದು ಯಾರ ಮೊಳರಿ?"

ಗಂಡು ದನಿ! ಗಂಗಾಂಬಿಕಾ ಸರಕ್ಕನೆ ತಿರುಗಿದಳು. ತಗಡಿನ ಶೆಡ್ಡಿನ ಬಾಗಿಲಲ್ಲಿ, ಹೂಬುಟ್ಟಿಗೆ ಹೊದಿಸುವ, ನೀರು ತೊಟ್ಟಿಕ್ಕುವ ಗೋಣಿಚೀಲವನ್ನು ಹೆಗಲಿಗೆ ಹಾಕಿಕೊಂಡು ಒಬ್ಬ ನಿಂತಿದ್ದ. ಅಂಗಿಯ ಅರ್ಧ ತೊಯ್ದಿತ್ತು. ಕಣ್ಣಲ್ಲಿ ನಗು.

"ಯಾರು ನೀನು?"

"ಹಂಪೇಶ್ ಅಂತ್ರಿ, ಹರಪನಹಳ್ಳಿ ಕಡೆ ಅರಸೀಕೆರಿಯಾಂವ. ಹೂವಿನ ಬುಟ್ಟಿ ಕಟ್ಟಿ ಬಸ್ಸಿಗೆ ಹಾಕಾಕ ನಿಮ್ಮಪ್ಪಾರು ಬಾ ಅಂದಿದ್ರು. ಅಲ್ಲಾ, ಆ ಕೋಲು ಯಾರ ಕೈ ಅಳತಿದು ಅಂತ ಕೇಳಿದೆ."

"ನಂದು!"

"ಹಂಗನ್ರಿ... ನಿಮ್ಮ ಕೈ ಉದ್ದ ಅದಾವು."

ಸುತ್ತ ಕೂತಿದ್ದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಗಂಗಾಂಬಿಕಾಳ ಕಿವಿ ಬಿಸಿಯಾಯಿತು. ಸಿಟ್ಟಿಗೋ... ಅವನ ಕಣ್ಣು ಇನ್ನೂ ತನ್ನ ಕೈ ಮೇಲೆಯೇ ಇದ್ದುದಕ್ಕೋ!

ಅದು ತೊಂಬತ್ತೆಂಟರ ಬೇಸಿಗೆ. ಹಡಗಲಿಯ ತೋಟಗಳಲ್ಲಿ ಮಲ್ಲಿಗೆ ಸುರಿಯುವ ಕಾಲ. ನಸುಕಿನಲ್ಲಿ ಬಿಡಿಸಿದ ಮೊಗ್ಗು ಏಕಾಂತಪ್ಪನ ಶೆಡ್ಡಿಗೆ ಬಂದು, ಮಾಲೆಯಾಗಿ, ಮಧ್ಯಾಹ್ನದ ದಾವಣಗೆರೆ ಬಸ್ಸು ಹತ್ತಬೇಕು. ಬಸ್ಸು ತಪ್ಪಿದರೆ ಮೊಗ್ಗು ಬುಟ್ಟಿಯಲ್ಲೇ ಅರಳಿ, ಕೊಳ್ಳುವವರಿಲ್ಲದೆ ಬಾಡುತ್ತದೆ.

ಏಕಾಂತಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದ ಮೇಲೆ ಶೆಡ್ಡು ಮಗಳು ಗಂಗಾಂಬಿಕಾಳ ಪಾಲಿಗೆ ಬಂತು. ಮೊದಮೊದಲು ಹೆಂಗಸರು ತಮ್ಮ ತಮ್ಮ ಕೈಯಲ್ಲೇ ಮೊಳ ಹಾಕುತ್ತಿದ್ದರು. "ಆಕಿ ಕೈ ಗಿಡ್ಡ, ಆಕಿಗೆ ಲಾಭ!" ಎಂದು ದಿನವೂ ಜಗಳ. ಗಂಗಾಂಬಿಕಾ ತನ್ನ ಮೊಳಕೈಯಿಂದ ಬೆರಳ ತುದಿಯವರೆಗೆ ಅಳೆದು ಒಂದು ಕೋಲು ಕತ್ತರಿಸಿದಳು. ಜಗಳ ನಿಂತಿತು.

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಆ ಗೆಲುವು ಅವಳ ತಲೆಗೇರಿತು. ಎಲ್ಲರಿಗೂ ಒಂದೇ ಕೋಲು, ಒಂದೇ ಮಾತು, ಒಂದೇ ಬೈಗುಳ! ತಾನು ಹುಟ್ಟುವ ಮೊದಲಿನಿಂದ ಹೂ ಕಟ್ಟುತ್ತಿದ್ದ ಭರಮಮ್ಮನ ಬೆನ್ನ ಹಿಂದೆಯೂ ನಿಲ್ಲುವಳು. ಮೊನ್ನೆ ಮೊನ್ನೆ ಬಂದ, ಇನ್ನೂ ಗಂಟು ಜಾರಿಸುವ ಶಿವಮ್ಮನಿಗೂ "ಎಲ್ರೂ ಕಟ್ಟಾಕತ್ತಾರ, ನಿನಗೇನಾಗೈತಿ?" ಎನ್ನುವಳು.

*ನಾನು ಯಾರಿಗೂ ಮೋಸ ಮಾಡುವವಳಲ್ಲ,* ಎಂದು ರಾತ್ರಿ ನೆಮ್ಮದಿಯಾಗಿ ಮಲಗುವಳು.

ಹಂಪೇಶ್ ಬಂದ ಮೇಲೆ ಆ ನೆಮ್ಮದಿ ಯಾಕೋ ಅಲುಗತೊಡಗಿತು.

ಹರಪನಹಳ್ಳಿಯಲ್ಲಿ ಅವನಿಗೊಂದು ಹೂವಿನ ಅಂಗಡಿ ಇತ್ತು. ರಸ್ತೆ ಅಗಲ ಮಾಡುವಾಗ ಹೋಯಿತು. ಅದನ್ನೂ ಅವನು ನಗುತ್ತಲೇ ಹೇಳುತ್ತಿದ್ದ. ಶೆಡ್ಡಿನ ಒಲೆಯ ಮೇಲೆ ಚಹಾ ಕಾಸುವ ಕೆಲಸವನ್ನು ಯಾರೂ ಹೇಳದೆ ತಾನೇ ವಹಿಸಿಕೊಂಡ. ಮೊದಲೆಲ್ಲ ಒಂದೇ ಕೆಟಲ್ಲು, ಒಂದೇ ರುಚಿ. ಈಗ ಭರಮಮ್ಮನಿಗೆ ಬೆಲ್ಲ ಹಾಕಿದ ಕಪ್ಪು ಚಹಾ, ಶಿವಮ್ಮನಿಗೆ ಹಾಲು ಜಾಸ್ತಿ.

ಗಂಗಾಂಬಿಕಾಳ ಲೋಟ ಮಾತ್ರ ಎಲ್ಲರದೂ ಆದ ಮೇಲೆ ಬರುತ್ತಿತ್ತು.

"ಕಡೀಗೆ ಕೊಡ್ತೀಯಲ್ಲ, ನಾನೇನು ಪರದೇಶಿನಾ?" ಎಂದು ಒಂದು ದಿನ ಕೇಳಿಯೇಬಿಟ್ಟಳು.

"ಮೊದಲು ಕೊಟ್ರ ನೀವು ಕುಡಿಯೂದಿಲ್ಲಲ್ರಿ ಸಾವ್ಕಾರ್ತಿ! ಬುಟ್ಟಿ ನೋಡ್ಕೊಂತ ಆರಿಸಿಬಿಡ್ತೀರಿ. ಎಲ್ಲಾ ಮುಗಿದು ಕುಂತಾಗ ಬಿಸಿ ಇರ್ಬೇಕಂತ ಆಮ್ಯಾಲ ಕಾಸ್ತೀನಿ."

ಯಾರಾದರೂ ತನ್ನನ್ನು ಇಷ್ಟು ನೋಡಿದ್ದರೇ? ಚಹಾ ಕುಡಿಯುವ ನೆಪದಲ್ಲಿ ಮುಖವನ್ನು ಲೋಟದಲ್ಲಿ ಅಡಗಿಸಿಕೊಂಡಳು.

*ಇವನು ನನಗಾಗಿಯೇ ಕಾಸುತ್ತಾನೆ... ನನಗಾಗಿ ಮಾತ್ರ!*

ಆ 'ಮಾತ್ರ'ವೇ ಅವಳನ್ನು ಕೆಡಿಸಿದ್ದು.

ಒಂದು ಶುಕ್ರವಾರ ಅಪ್ಪನಿಗೆ ಉಣಿಸಿ, ಎಂದಿಗಿಂತ ಬೇಗ ಹಿಂದಿರುಗಿದಳು. ಶೆಡ್ಡಿನ ಹಿಂದೆ ಬೇವಿನ ಮರದ ನೆರಳಲ್ಲಿ ಎರಡು ತಲೆಗಳು ಹತ್ತಿರ ಬಾಗಿದ್ದವು. ಹಂಪೇಶ್. ಶಿವಮ್ಮ. ಅವಳ ಬೆರಳುಗಳನ್ನು ಅವನು ಹಿಡಿದಿದ್ದ! ಶಿವಮ್ಮ ನಗುತ್ತಿದ್ದಳು. ಶೆಡ್ಡಿನೊಳಗೆ ಒಮ್ಮೆಯೂ ನಗದ ಹುಡುಗಿ!

ಗಂಗಾಂಬಿಕಾಳ ಎದೆಯಲ್ಲಿ ಏನೋ ಭಗ್ಗೆಂದಿತು.

ಅಲ್ಲೇ ಮಾತಾಡಿದ್ದರೆ ಮೂವರ ನಡುವೆ ಮುಗಿಯುತ್ತಿತ್ತು. ಆದರೆ ಅವಳು ದಡದಡನೆ ಶೆಡ್ಡಿನೊಳಗೆ ಹೋದಳು. ಅವರಿಬ್ಬರೂ ಒಳಗೆ ಬರುವವರೆಗೆ ಕಾದಳು. ಎಲ್ಲರ ಮುಂದೆ, ಕೋಲನ್ನು ಶಿವಮ್ಮನತ್ತ ಚಾಚಿ ಕೇಳಿದಳು.

"ಏನಲೇ, ಹೂ ಕಟ್ಟಾಕ ಬರ್ತೀಯೋ, ಗಂಡಸರ ಕೈ ಹಿಡ್ಕೊಂಡು ನೆಳ್ಳಾಗ ಕುಂದ್ರಾಕ ಬರ್ತೀಯೋ?"

ಎಲ್ಲ ಕೈಗಳೂ ನಿಂತವು.

ಶಿವಮ್ಮನ ಮುಖ ಬಿಳಿಚಿತು. ಕೈಯಲ್ಲಿದ್ದ ಅರ್ಧ ಮಾಲೆಯನ್ನು ಬುಟ್ಟಿಯ ಅಂಚಿಗಿಟ್ಟು ಹೊರಗೆ ಓಡಿದಳು.

ಹಂಪೇಶ್ ಆ ಮಾಲೆ ಎತ್ತಿಕೊಂಡು ಗಂಗಾಂಬಿಕಾಳ ಮುಂದೆ ಹಿಡಿದ.

"ಜಗ್ಗಿ ನೋಡ್ರಿ."

ಜಗ್ಗಿದಳು. ಒಂದು ಗಂಟೂ ಜಾರಲಿಲ್ಲ.

"ನಿಮ್ಮ ಮುಂದ ಕುಂತ್ರ ಆಕಿ ಕೈ ನಡುಗ್ತಾವು. ಅದಕ್ಕ ಹಿಂದ ಕುಂದ್ರಿಸಿ ಬೆರಳಿಗೆ ದಾರ ಸುತ್ತೂದು ತೋರ್ಸಾಕತ್ತಿದ್ದೆ. ಇವತ್ತ ಬಂತು ಆಕಿಗೆ. ನಿಮಗ ತೋರಿಸ್ತೀನಂತ ಹಿಗ್ಗಿನ್ಯಾಗ ಒಳಗ ಬಂದಿತ್ರಿ ಆ ಹುಡುಗಿ." ಅವನ ಕಣ್ಣಲ್ಲಿ ಆ ನಗು ಇರಲಿಲ್ಲ. "ನನಗ ಬೈದಿದ್ರ ತಡಕೊಂತಿದ್ದೆ."

ಗೋಣಿಚೀಲವನ್ನು ಬಾಗಿಲ ಬಳಿ ಮಡಿಸಿಟ್ಟು ಹೊರಟುಹೋದ.

ಅವತ್ತು ಬುಟ್ಟಿಗಳು ಹೇಗೋ ಬಸ್ಸು ಹತ್ತಿದವು. ಎಲ್ಲರೂ ಮನೆಗೆ ಹೋದರು, ಭರಮಮ್ಮನೊಬ್ಬಳ ಹೊರತು.

"ಬರೋ ಸೋಮವಾರ ಶಿವಿನ್ನ ನೋಡಾಕ ಕಾನಹೊಸಹಳ್ಳಿಯಿಂದ ಗಂಡಿನ ಕಡ್ಯಾರು ಬರ್ತಾರ. ಗೊತ್ತೈತೇನು?"

ಗಂಗಾಂಬಿಕಾ ಕೈಯಲ್ಲಿದ್ದ ಕೋಲನ್ನು ಗೋಡೆಗೆ ಒರಗಿಸಿದಳು.

"ನೀ ಆಡಿದ್ದು ಇಷ್ಟೊತ್ತಿಗೆ ಆಕಿ ಓಣಿ ಮುಟ್ಟೈತಿ. ಸೋಮವಾರಕ್ಕ ಕಾನಹೊಸಹಳ್ಳಿ ಮುಟ್ಟತೈತಿ."

"ನನಗ... ನನಗ ಗೊತ್ತಾಗಲಿಲ್ಲ ಭರಮವ್ವ."

"ಗೊತ್ತಾಗಂಗ ನೀ ಯಾವಾಗರ ನೋಡೀಯೇನು? ನನಗ ಕಲಿಸೋ ಗರಜಿಲ್ಲ, ನನ್ನ ಬೆನ್ನ ಮ್ಯಾಲ ನಿಂದ್ರತೀ. ಆಕಿಗೆ ಕಲಿಸಬೇಕಿತ್ತು, ಆಕಿನ್ನ ನಡುನೀರಾಗ ಬಿಟ್ಟಿ. ನಿಮ್ಮಪ್ಪ ನನ್ನ ಮಾಲಿ ಒಂದಿನ ಅಳೀಲಿಲ್ಲ. ಹೊಸಬ್ರ ಬಾಜೂಕ ಮಾತ್ರ ತಾನೂ ದಾರ ಹಿಡಕೊಂಡು ಕುಂದರ್ತಿದ್ದ." ಭರಮಮ್ಮ ಮೊಣಕಾಲು ಹಿಡಿದು ಎದ್ದಳು. ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದಳು, "ಇವತ್ತಿನ ಮಾತು ಮಾತ್ರ ಕೆಲಸದ್ದಲ್ಲ ಬಿಡವ್ವ. ಅದು ಯಾವ ಮಾತು ಅಂತ ಹೆಂಗಸಾದ ನನಗ ತಿಳೀತೈತಿ."

ನಾಚಿಕೆ ಎಂದರೆ ಮುಖಕ್ಕೆ ರಕ್ತ ನುಗ್ಗುವುದು ಎಂದಷ್ಟೇ ಗಂಗಾಂಬಿಕಾ ತಿಳಿದಿದ್ದಳು. ಅಲ್ಲ! ಅದು ಹೊಟ್ಟೆಯ ತಳದಲ್ಲಿ ಕಲ್ಲಿನಂತೆ ಕೂರುತ್ತದೆ. ಅನ್ನ ಇಳಿಯಲಿಲ್ಲ. ಅಪ್ಪ "ಯಾಕವ್ವ?" ಎಂದರೆ ಅವನ ಮುಖ ನೋಡಲಾಗಲಿಲ್ಲ.

*ನ್ಯಾಯವಂತಳು ನಾನು! ಒಂದು ಲೋಟ ಚಹಾಕ್ಕಾಗಿ ಒಂದು ಹುಡುಗಿಯ ಹೆಸರು ಮುರಿದೆನಲ್ಲ...*

ಮರುದಿನ ಶಿವಮ್ಮನ ಓಣಿಗೆ ಹೋದಳು. ಸಂಜೆ ಮರೆಯಲ್ಲಿ ಹೋಗಬಹುದಿತ್ತು. ಆದರೆ ಎಲ್ಲರ ಮುಂದೆ ಕೆಡಿಸಿದ್ದನ್ನು ಮರೆಯಲ್ಲಿ ಕಟ್ಟಲು ಬರುತ್ತದೆಯೇ? ಬೋರಿನ ನಲ್ಲಿಯ ಮುಂದೆ ಕೊಡಗಳು ಸಾಲುಗಟ್ಟಿದ್ದ ಹೊತ್ತಿಗೇ ಹೋಗಿ ನಿಂತಳು.

ಶಿವಮ್ಮನ ತಾಯಿ ಹುಲುಗಮ್ಮ ಸೊಂಟಕ್ಕೆ ಕೈ ಇಟ್ಟಳು. "ಬರ್ರಿ ಸಾವ್ಕಾರ್ತಿ. ಅನ್ನಾಕ ಇನ್ನೂ ಏನರ ಉಳದೈತೇನು?"

"ತಪ್ಪು ನಿನ್ನ ಮಗಳದಲ್ಲ ಹುಲುಗವ್ವ, ನಂದು. ಆಕಿ ಹೂ ಕಟ್ಟೂದು ಕಲಿಯಾಕತ್ತಿದ್ದಳು. ನಾನು ತಪ್ಪು ತಿಳಕೊಂಡೆ."

"ಯಾರರ ಸುಮ್ಮಸುಮ್ಮನ ಹಂಗಂತಾರೇನು?" ಕೊಡ ಹಿಡಿದಿದ್ದ ಇನ್ನೊಬ್ಬಳು ಮೂತಿ ತಿರುವಿದಳು. "ಬೆಂಕಿ ಇಲ್ದ ಹೊಗಿ ಆಡ್ತೈತೇನು?"

ಗುಂಪಿನಲ್ಲಿ ಹೌದೆಂಬಂತೆ ಗುಜುಗುಜು. ಗುಡಿಸಲ ಬಾಗಿಲ ಹಿಂದೆ ಶಿವಮ್ಮನ ಊದಿದ ಕಣ್ಣುಗಳು ಕಂಡವು.

ಗಂಗಾಂಬಿಕಾಳಿಗೆ ತಿಳಿಯಿತು. ಬರೀ 'ತಪ್ಪಾಯಿತು' ಎಂದರೆ ಇವರು ನಂಬುವುದಿಲ್ಲ. ಈ ಹುಡುಗಿಯ ಹೆಸರು ಉಳಿಯಬೇಕಾದರೆ ತನ್ನದನ್ನು ಇಲ್ಲಿ ಇಳಿಸಿಡಬೇಕು.

ಗುಂಪಿನತ್ತ ಮುಖ ತಿರುಗಿಸಿದಳು.

"ಬೆಂಕಿ ಇತ್ತವ್ವ... ಅದು ನನ್ನ ಹೊಟ್ಟಿಯಾಗಿತ್ತು." ದನಿ ಒಡೆಯಿತು. "ಹಂಪೇಶನ ಮ್ಯಾಲ ನನಗ ಮನಸ್ಸಾಗೈತಿ. ಆತಗೂ ಗೊತ್ತಿಲ್ಲ. ಆತ ಇನ್ನೊಬ್ಬಾಕಿ ಕೈ ಹಿಡದದ್ದು ಕಂಡು ನನಗ ತಡೀಲಿಲ್ಲ. ಅದು ಕಲಿಸೋ ಕೈ ಅನ್ನೂದು ಕಾಣಲಿಲ್ಲ. ಇಷ್ಟ ಖರೇ."

ಕೊಡ ತುಂಬಿ ನೀರು ಹೊರಗೆ ಹರಿಯಿತು. ಯಾರೂ ನಲ್ಲಿ ತಿರುವಲಿಲ್ಲ.

"ಅಯ್ಯಯ್ಯ! ಏಕಾಂತಪ್ಪನ ಮಗಳು ನೋಡ್ರೇ!" ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಆ ನಗು ಬೆನ್ನಿಗೆ ಬಿದ್ದು ಸುಟ್ಟಿತು. ಆದರೂ ಗಂಗಾಂಬಿಕಾ ತಲೆ ತಗ್ಗಿಸಿ ನಿಂತೇ ಇದ್ದಳು.

ಹುಲುಗಮ್ಮ ಬಹಳ ಹೊತ್ತು ಅವಳನ್ನೇ ನೋಡಿದಳು. ಆಮೇಲೆ ನಲ್ಲಿ ನಿಲ್ಲಿಸಿ, ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು.

"ನಾಳಿ ಕಳಿಸ್ತೀನಿ. ಗಂಡಿನ ಕಡ್ಯಾರು ಕೇಳಿದ್ರ ಈ ಮಾತ ಹೇಳ್ತೀನಿ. ಇನ್ನೊಮ್ಮಿ ನನ್ನ ಮಗಳ ಮ್ಯಾಲ ಬಾಯಿ ಮಾಡಿದ್ರ, ನಾನೇ ಬರ್ತೀನಿ ಶೆಡ್ಡಿಗೆ. ಕೊಡ ತಗೊಂಡು!"

ತಾನು ತಂದಿದ್ದ ಮಲ್ಲಿಗೆಯನ್ನು ಗಂಗಾಂಬಿಕಾ ಚಾಚಿದಳು. ಹುಲುಗಮ್ಮ ತೆಗೆದುಕೊಳ್ಳಲಿಲ್ಲ.

ಮರುದಿನ ಶಿವಮ್ಮ ಬಂದಳು. ಮೂಲೆಯಲ್ಲಿ, ಗೋಡೆಯ ಕಡೆ ಮುಖ ಮಾಡಿ ಕೂತಳು. ಗಂಗಾಂಬಿಕಾ ಒಂದು ದಾರದ ಉಂಡೆ ತೆಗೆದುಕೊಂಡು ಅವಳ ಪಕ್ಕ ನೆಲದ ಮೇಲೆಯೇ ಕೂತಳು.

"ಶಿವಿ... ನಿನಗ ಆತ ತೋರಿಸಿದ ಸುತ್ತು ಹೆಂಗ? ನನಗೂ ತೋರ್ಸು."

ಹುಡುಗಿ ನಂಬದೆ ನೋಡಿದಳು. ತಡೆತಡೆದು ಬೆರಳಿಗೆ ದಾರ ಸುತ್ತಿದಳು. ಗಂಟು ಜಾರಿತು. ಹೆದರಿ ಮೇಲೆ ನೋಡಿದಳು.

"ಜಾರ್ಲಿ ಬಿಡು. ನನ್ನದೂ ಜಾರ್ತು, ನೋಡು."

ಆಚೆ ಭರಮಮ್ಮ ಮಾಲೆ ಮುಗಿಸಿ, ಅಭ್ಯಾಸದಂತೆ ಅಳೆಯಲೆಂದು ಚಾಚಿದಳು. ಗಂಗಾಂಬಿಕಾ ಕೂತಲ್ಲಿಂದಲೇ ಅಂದಳು, "ಬುಟ್ಟಿಗೆ ಹಾಕು ಭರಮವ್ವ."

ಭರಮಮ್ಮನ ಬಾಯಲ್ಲಿ ಎಲೆ ಅಡಿಕೆ ಒಂದು ಗಳಿಗೆ ನಿಂತಿತು. ಮತ್ತೆ ಆಡತೊಡಗಿತು.

ಆಗ ಬಾಗಿಲಲ್ಲಿ ನೀರು ತೊಟ್ಟಿಕ್ಕುವ ಸದ್ದು. ಗೋಣಿಚೀಲ ಹಿಂಡುತ್ತ ಹಂಪೇಶ್ ನಿಂತಿದ್ದ!

ಅವಳು ಎದ್ದು ಹೊರಗೆ ಬಂದಳು. ಬೇವಿನ ನೆರಳಲ್ಲಿ ಇಬ್ಬರೂ ನೆಲ ನೋಡುತ್ತ ನಿಂತರು.

"ನನ್ನ ಕೇಳದಾ ನನ್ನ ಹೆಸರು ಬೋರಿನ ಮುಂದ ಕೂಗಿಬಂದ್ರಂತ?"

"...ತಪ್ಪಾತು."

"ಯಾವ್ದು ತಪ್ಪು? ಕೂಗಿದ್ದೋ, ಮನಸ್ಸಾಗಿದ್ದೋ?"

"ಶಿವಿನ್ನ ಅಂದದ್ದು," ಎಂದಳು ಗಂಗಾಂಬಿಕಾ. ಕಣ್ಣು ತುಂಬಿಬಂದವು. "ಉಳಿದದ್ದು... ಖರೇ."

ಅವನು ಕೈಯಲ್ಲಿದ್ದ ಗೋಣಿಚೀಲವನ್ನು ಬೇವಿನ ಬುಡಕ್ಕೆ ಇಳಿಸಿದ.

"ನನ್ನ ಸಿಟ್ಟು ಇನ್ನೂ ಇಳಿದಿಲ್ರಿ. ಇಟಗೊಂಡೇ ಬಂದೀನಿ. ಆದ್ರ ನೀವು ಕುಡಿಯೋ ಚಹಾ ನಾನು ಇನ್ಯಾರಿಗೂ ಕಾಸಿಲ್ಲ. ಅಷ್ಟೂ ತಿಳೀಲಿಲ್ಲೇನು?"

"ತಿಳಿದಿತ್ತು, ಆದ್ರ ನಂಬಾಕ ಧೈರ್ಯ ಇರಲಿಲ್ಲ."

"ಈಗ ಐತೇನು ಸಾವ್ಕಾರ್ತಿ?"

"ಗಂಗಾ ಅನ್ನು."

"ಗಂಗಾ..." ಎಂದು ಮೆಲ್ಲಗೆ ಅಂದು, ಅವನು ಮೊದಲ ಬಾರಿಗೆ ತಾನೇ ನಾಚಿಕೊಂಡ. "ಬರ್ರಿ... ಬಾ. ಬಸ್ಸಿನ ಹೊತ್ತಾತು."

ಒಳಗೆ ಒಲೆ ಹೊತ್ತಿಸುತ್ತ, ಗೋಡೆಗೆ ಒರಗಿಸಿದ್ದ ಕೋಲನ್ನು ಎತ್ತಿ ಹಿಡಿದ. "ಹಿಂಗಾದ್ರ ಇದನ್ನ ಒಲಿಗೆ ಹಾಕ್ಲೇನು?"

"ಬ್ಯಾಡ. ಇರ್ಲಿ," ಎಂದು ಗಂಗಾಂಬಿಕಾ ಕೋಲನ್ನು ಇಸಿದುಕೊಂಡಳು. ಬಾಗಿಲಿಗೆ ಎದುರಾಗಿ, ತಾನು ಒಳಗೆ ಬರುವಾಗ ಮೊದಲು ಕಣ್ಣಿಗೆ ಬೀಳುವ ಮೊಳೆಗೆ ನೇತುಹಾಕಿದಳು.

ಇವಳು ಮತ್ತೆ ಅಳೆಯುತ್ತಾಳೆ ಎಂದುಕೊಂಡು ಹೆಂಗಸರು ಮುಖ ಮುಖ ನೋಡಿಕೊಂಡರು. ಹಂಪೇಶನೂ ಹುಬ್ಬೇರಿಸಿದ.

ಅವಳು ಕೋಲಿನ ಪಕ್ಕ ತನ್ನ ಕೈ ಚಾಚಿ ಒಮ್ಮೆ ನೋಡಿದಳು. ಮೊಳಕೈಯಿಂದ ಬೆರಳ ತುದಿಗೆ ಸರಿಯಾಗಿ ತನ್ನೊಬ್ಬಳದೇ ಅಳತೆ. ಇನ್ನು ಯಾರ ಮೇಲೆ ಬಾಯಿ ತೆರೆಯುವ ಮೊದಲೂ ಇದನ್ನೊಮ್ಮೆ ನೋಡಬೇಕು... ಬದುಕಿರುವವರೆಗೂ. ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು.

ಆಮೇಲೆ ಹೋಗಿ ಶಿವಮ್ಮನ ಪಕ್ಕ ಕೂತಳು.